ಹದಿನಾಲ್ಕರಲ್ಲೇ ಬಂದ ಎತ್ತರ: ತುಮಕೂರಿನ ಒಬ್ಬ ಬ್ಯಾಸ್ಕೆಟ್‌ಬಾಲ್ ಹುಡುಗನ ಪ್ರಕರಣ

2024ರ ಜೂನ್ ತಿಂಗಳಲ್ಲಿ, ದ್ವಿತೀಯ ಪಿಯುಸಿ ಮತ್ತು ಸಿಇಟಿ ಎರಡೂ ಮುಗಿದು ಮುಂದಿನ ದಾರಿ ತೀರ್ಮಾನವಾಗಬೇಕಿದ್ದ ಹೊತ್ತಿನಲ್ಲಿ, ತುಮಕೂರಿನ ಒಬ್ಬ ಹುಡುಗನ ಸೋದರಮಾವ ನಮ್ಮ ಮನೆಗೆ ಬಂದರು. ಕಾಫಿ ಮುಗಿಯುವವರೆಗೂ ಮಳೆಯ ಬಗ್ಗೆ, ತಿಪಟೂರಿನ ಕೊಬ್ಬರಿ ಧಾರಣೆಯ ಬಗ್ಗೆ ಮಾತಾಡಿ, ಹೊರಡಲು ಎದ್ದು ನಿಂತ ಮೇಲೆ ಬಂದ ಕೆಲಸ ಹೇಳಿದರು. "ಮೇಷ್ಟ್ರೇ, ನಮ್ ಹುಡುಗನ ಕೈಲಿ ಇನ್ನೇನಾದ್ರೂ ಆಗುತ್ತೋ, ಇಲ್ಲ ಆಟ ಬಿಡಿಸಿಬಿಡೋಣ್ವೋ? ನೀವು ಹೇಳಿದಂಗೆ ಮಾಡ್ತೀವಿ."

ನಿಂತಲ್ಲೇ ಉತ್ತರ ಕೊಡಲು ನನಗೆ ಧೈರ್ಯ ಬರಲಿಲ್ಲ. ನಾನು ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾದವನು. ಆ ಹುಡುಗ ಎಂಟನೇ ತರಗತಿಯಲ್ಲಿದ್ದಾಗ ಅವನ ತಂಡವನ್ನು ತಯಾರು ಮಾಡಿದವನೂ, ಬಹುಮಾನ ವಿತರಣೆಯ ವೇದಿಕೆಯಲ್ಲಿ ನಿಂತು "ಇವನು ಮುಂದೆ ಇಂಡಿಯಾ ತಂಡಕ್ಕೆ ಆಡುತ್ತಾನೆ" ಎಂದು ಮೈಕಿನಲ್ಲಿ ಹೇಳಿದವನೂ ನಾನೇ. ಹೀಗಾಗಿ ಈ ಪ್ರಕರಣದಲ್ಲಿ ನಾನು ನ್ಯಾಯಾಧೀಶನಿಗಿಂತ ಹೆಚ್ಚಾಗಿ ಸಾಕ್ಷಿ, ಕೆಲವು ಕಡೆ ಆರೋಪಿ. ಒಂದು ವಾರದ ಕಾಲಾವಕಾಶ ಕೇಳಿ, ಹಳೆಯ ಸ್ಕೋರ್ ಪುಸ್ತಕಗಳನ್ನು ಅಟ್ಟದಿಂದ ಇಳಿಸಿಕೊಂಡು ಕುಳಿತೆ. ಹುಡುಗ ತನ್ನ ಮಟ್ಟ ಮುಟ್ಟಲಿಲ್ಲ ಎಂಬುದು ಆಗಲೇ ಊರಿನ ಮಾತಾಗಿತ್ತು. ಈ ಬರಹ ಆ ವಾರದಲ್ಲಿ ಮತ್ತು ಅದರ ನಂತರದ ಒಂದು ವರ್ಷದಲ್ಲಿ ನನಗೆ ಕಂಡದ್ದರ ದಾಖಲೆ. ಹುಡುಗನ, ಶಾಲೆಯ, ಕಾಲೇಜಿನ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

2019ರ ಆಟ

ಹುಡುಗ ಹುಟ್ಟಿದ್ದು 2006ರ ಜನವರಿ ಮೊದಲ ವಾರದಲ್ಲಿ. ತಂದೆ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರು, ತಾಯಿ ಮನೆ ಮತ್ತು ಒಂದೂವರೆ ಎಕರೆ ತೆಂಗಿನ ತೋಟ ನೋಡಿಕೊಳ್ಳುವವರು. ಓದಿನ ಸಲುವಾಗಿ ಹುಡುಗ ತುಮಕೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದ. 2019ರ ಕೊನೆಗೆ, ಇನ್ನೂ ಹದಿನಾಲ್ಕು ತುಂಬುವ ಮೊದಲೇ, ಅವನ ಎತ್ತರ 178 ಸೆಂಟಿಮೀಟರ್ ಇತ್ತು. ಎದುರು ತಂಡದ ಹುಡುಗರಲ್ಲಿ ಹೆಚ್ಚಿನವರು ಅವನ ಭುಜಕ್ಕೂ ಬರುತ್ತಿರಲಿಲ್ಲ.

ಆ ವರ್ಷದ 14 ವರ್ಷದೊಳಗಿನವರ ಜಿಲ್ಲಾ ಮಟ್ಟದ ಫೈನಲ್‌ನಲ್ಲಿ ನಮ್ಮ ತಂಡ ಗಳಿಸಿದ 41 ಅಂಕಗಳಲ್ಲಿ 26 ಅವನವು. ಊರಿನವರ ನೆನಪಿನಲ್ಲಿ ಉಳಿದಿರುವುದು ಈ 26 ಮಾತ್ರ. ಸ್ಕೋರ್ ಪುಸ್ತಕದ ಪಕ್ಕದಲ್ಲಿ ನಾನು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ ಗುರುತುಗಳು ಬೇರೆಯದೇ ಕತೆ ಹೇಳುತ್ತವೆ. ಅವನು ಹಾಕಿದ 12 ಬ್ಯಾಸ್ಕೆಟ್‌ಗಳೂ ರಿಂಗಿನ ಕೆಳಗಿನಿಂದ, ಕೈಚಾಚಿದಷ್ಟು ದೂರದಿಂದ ಬಂದವು, ಎಲ್ಲವೂ ಬಲಗೈಯವು. ಎದುರಾಳಿಯ ಫೌಲಿಗೆ ಸಿಕ್ಕಿದ 9 ಫ್ರೀ ಥ್ರೋಗಳಲ್ಲಿ (ಯಾರೂ ತಡೆಯದ, ತಲಾ ಒಂದು ಅಂಕದ ಎಸೆತಗಳಲ್ಲಿ) ಬಿದ್ದದ್ದು 2. ಇಡೀ ಪಂದ್ಯದಲ್ಲಿ ಅವನು ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ನೆಲಕ್ಕೆ ಬಡಿದು ಮುಂದೆ ಸಾಗಿದ್ದು ಒಮ್ಮೆಯೂ ಇಲ್ಲ, ಏಕೆಂದರೆ ಹಾಗೆ ಸಾಗಬಾರದೆಂದು ನಾನೇ ಹೇಳಿದ್ದೆ. "ಸಾರ್, ಎಡಗೈ ಬರಲ್ಲ ಸಾರ್, ಕಲ್ಸಿಕೊಡಿ" ಎಂದು ಅವನು ಒಮ್ಮೆ ಕೇಳಿದ್ದೂ ನೆನಪಿದೆ. "ಅದೆಲ್ಲ ಆಮೇಲೆ ಕಣೋ, ಈಗ ನೀನು ಅಲ್ಲೇ ನಿಂತ್ಕೋ, ಚೆಂಡು ನಿನ್ನ ಹತ್ರಕ್ಕೇ ಬರುತ್ತೆ" ಎಂದಿದ್ದೆ.

ಅಲ್ಲೇ ನಿಲ್ಲುವುದು ನಿಯಮದ ಪ್ರಕಾರ ಸಾಧ್ಯವಿಲ್ಲ. ದಾಳಿ ಮಾಡುವ ತಂಡದ ಆಟಗಾರ ಎದುರಾಳಿಯ ರಿಂಗಿನ ಕೆಳಗಿನ ಬಣ್ಣದ ಚೌಕದಲ್ಲಿ ಸತತವಾಗಿ 3 ಸೆಕೆಂಡಿಗಿಂತ ಹೆಚ್ಚು ಇರುವಂತಿಲ್ಲ. ಆದರೆ ನಾನು ಕಂಡ ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಪಂದ್ಯಗಳಲ್ಲಿ ಆ ಮೂರು ಸೆಕೆಂಡನ್ನು ಎಣಿಸಿ ಸೀಟಿ ಊದುವ ರೆಫರಿಗಳು ಅಪರೂಪ. ಊದಿದರೆ ಆಟ ಸಾಗುವುದೇ ಇಲ್ಲವೆಂಬ ಕರುಣೆ ಅವರದು. ಆ ಕರುಣೆಯ ಮೇಲೆ ನಾನು ಒಂದು ಟ್ರೋಫಿ ಗೆದ್ದೆ. ಅದು ಇವತ್ತಿಗೂ ಆ ಶಾಲೆಯ ಗಾಜಿನ ಬೀರುವಿನಲ್ಲಿದೆ.

ಅದೇ ಟೂರ್ನಿಯಲ್ಲಿ ಎದುರು ತಂಡದ ತರಬೇತುದಾರರೊಬ್ಬರು ಹುಡುಗನ ವಯಸ್ಸಿನ ಬಗ್ಗೆ ಲಿಖಿತ ಆಕ್ಷೇಪ ಸಲ್ಲಿಸಿದರು. ಅವರನ್ನು ದೂರುವಂತಿರಲಿಲ್ಲ. ಹುಡುಗನಿಗೆ ಆಗಲೇ ಮೀಸೆ ಚಿಗುರಿತ್ತು, ಧ್ವನಿ ಒಡೆದಿತ್ತು. ಜನನ ಪ್ರಮಾಣಪತ್ರ ತರಿಸಿ ತೋರಿಸಿದೆವು, ವಯಸ್ಸು ಸರಿಯಾಗಿಯೇ ಇತ್ತು, ಆಕ್ಷೇಪ ಬಿದ್ದುಹೋಯಿತು. ನಾವು ಗೆದ್ದೆವೆಂದು ಚಪ್ಪಾಳೆ ತಟ್ಟಿದೆವೇ ಹೊರತು, ಆ ಮೀಸೆ ಏನು ಹೇಳುತ್ತಿದೆ ಎಂದು ನಾನಾಗಲಿ, ಅವರಾಗಲಿ ಯೋಚಿಸಲಿಲ್ಲ.

ಗಂಡುಹುಡುಗರು ಅತಿ ವೇಗವಾಗಿ ಎತ್ತರಕ್ಕೆ ಬೆಳೆಯುವುದು ಸಾಮಾನ್ಯವಾಗಿ ಹದಿಮೂರೂವರೆ, ಹದಿನಾಲ್ಕರ ಸುಮಾರಿಗೆ. ಕೆಲವರಿಗೆ ಈ ಜಿಗಿತ ಒಂದೆರಡು ವರ್ಷ ಮೊದಲೇ ಬರುತ್ತದೆ, ಕೆಲವರಿಗೆ ಅಷ್ಟೇ ತಡವಾಗಿ ಬರುತ್ತದೆ. ಮೊದಲೇ ಬಂದವರು ಹದಿಮೂರರಲ್ಲಿ ಗಂಡಸರಂತೆ ಕಾಣುತ್ತಾರೆ, ಹದಿನೇಳರ ಹೊತ್ತಿಗೆ ಉಳಿದವರು ಅವರನ್ನು ಹಿಡಿಯುತ್ತಾರೆ, ಕೆಲವರು ದಾಟಿಯೂ ಹೋಗುತ್ತಾರೆ. ಮಕ್ಕಳ ವೈದ್ಯರು ಬಳಸುವ ಒಂದು ಸರಳ ಲೆಕ್ಕವಿದೆ: ಗಂಡುಮಗುವಾದರೆ ತಂದೆತಾಯಿಯರ ಎತ್ತರಗಳ ಮೊತ್ತಕ್ಕೆ 13 ಸೆಂಟಿಮೀಟರ್ ಸೇರಿಸಿ ಎರಡರಿಂದ ಭಾಗಿಸಬೇಕು, ಬಂದ ಸಂಖ್ಯೆಯ ಆಚೀಚೆ ಎಂಟೊಂಬತ್ತು ಸೆಂಟಿಮೀಟರಿನೊಳಗೆ ಮಗ ಸಾಮಾನ್ಯವಾಗಿ ನಿಲ್ಲುತ್ತಾನೆ. ಈ ಹುಡುಗನ ತಂದೆ 176, ತಾಯಿ 161. ಲೆಕ್ಕ ಹಾಕಿದರೆ 175 ಬರುತ್ತದೆ. ಅಂದರೆ 178 ಇದ್ದ ದಿನವೇ ಅವನು ತನ್ನ ಮನೆತನದ ಸರಾಸರಿಯನ್ನು ದಾಟಿಯಾಗಿತ್ತು. ಮುಂದೆ ಬಹಳವೇನೂ ಉಳಿದಿರಲಿಲ್ಲ. ಈ ಲೆಕ್ಕವನ್ನು 2019ರಲ್ಲಿ ಒಂದು ಚೀಟಿಯ ಮೇಲೆ ಎರಡು ನಿಮಿಷದಲ್ಲಿ ಹಾಕಬಹುದಿತ್ತು. ನಾನು ಹಾಕಿದ್ದು 2024ರಲ್ಲಿ. ಆಗ ಅವನ ಎತ್ತರ 183, ಅಂದರೆ ಸರಿಯಾಗಿ 6 ಅಡಿ. ನಾಲ್ಕೂವರೆ ವರ್ಷಗಳಲ್ಲಿ ಬೆಳೆದದ್ದು 5 ಸೆಂಟಿಮೀಟರ್.

ಇದಕ್ಕೆ ಹುಟ್ಟಿದ ತಿಂಗಳೂ ಸೇರಿಕೊಂಡಿತ್ತು. ಶಾಲಾ ಕ್ರೀಡೆಗಳ ವಯೋಮಿತಿಯನ್ನು ಡಿಸೆಂಬರ್ 31ಕ್ಕೆ ಲೆಕ್ಕ ಹಾಕುವುದರಿಂದ ಜನವರಿಯಲ್ಲಿ ಹುಟ್ಟಿದವನು ತನ್ನ ಗುಂಪಿನ ಅತಿ ಹಿರಿಯ. ಅದೇ ವರ್ಷದ ನವೆಂಬರಿನಲ್ಲಿ ಹುಟ್ಟಿದವನಿಗಿಂತ ಹತ್ತು ತಿಂಗಳು ದೊಡ್ಡವನು. ಹದಿಮೂರರ ವಯಸ್ಸಿನಲ್ಲಿ ಹತ್ತು ತಿಂಗಳೆಂದರೆ ಒಂದು ಜೊತೆ ಪ್ಯಾಂಟ್ ಗಿಡ್ಡವಾಗುವಷ್ಟು ಕಾಲ.

ಮಂಡಿ, ಬೀಗ, ಬೆಂಚು

ರಾಜ್ಯಮಟ್ಟಕ್ಕೆ ಹೋಗುವ ಮೊದಲೇ ಅವನ ಬಲಮಂಡಿಯ ಚಿಪ್ಪಿನ ಕೆಳಗೆ ಒಂದು ಗಂಟು ಎದ್ದು, ಮುಟ್ಟಿದರೆ ನೋಯುತ್ತಿತ್ತು. ಬೆಳೆಯುವ ವಯಸ್ಸಿನಲ್ಲಿ ತುಂಬ ಓಡಿ ಜಿಗಿಯುವ ಮಕ್ಕಳಲ್ಲಿ, ಮಂಡಿಯ ಸ್ನಾಯುರಜ್ಜು ಮಂಡಿಯ ಕೆಳಗಿನ ಕಾಲಿನ ಮೂಳೆಗೆ ಕೂಡುವ ಜಾಗದಲ್ಲಿ ಬರುವ ಈ ತೊಂದರೆಗೆ ಆಸ್ಗುಡ್-ಶ್ಲಾಟರ್ ಎಂಬ ಹೆಸರಿದೆ. ಆಟವನ್ನು ಕಡಿಮೆ ಮಾಡಿದರೆ ಬಹುಪಾಲು ತಾನಾಗಿಯೇ ಹೋಗುತ್ತದೆ. ವೈದ್ಯರು ಹೇಳಿದ್ದೂ ಅದನ್ನೇ. ನಾವು ಕ್ರೇಪ್ ಬ್ಯಾಂಡೇಜ್ ಸುತ್ತಿ, ಸಿಮೆಂಟ್ ಅಂಕಣದ ಮೇಲೆ ದಿನಕ್ಕೆ ಎರಡು ಪಂದ್ಯ ಆಡಿಸಿದೆವು. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ದಾಖಲೆಯಲ್ಲಿ ಇರಲಿ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಮೈದಾನಗಳಿಗೆ ಬೀಗ ಬಿತ್ತು. ಮಂಡಿ ವಾಸಿಯಾಯಿತು. ಆದರೆ ಒಂಬತ್ತನೇ ತರಗತಿ ಪೂರ್ತಿಯಾಗಿ, ಹತ್ತನೇ ತರಗತಿ ಬಹುಪಾಲು ಪಂದ್ಯಗಳಿಲ್ಲದೆ ಕಳೆದುಹೋದವು. ಹುಡುಗ ತಿಪಟೂರಿಗೆ ಹೋಗಿ ತೋಟದ ಮನೆಯಲ್ಲಿದ್ದ. ಅಂಗಳದಲ್ಲಿ ಚೆಂಡು ಬಡಿಯಲು ಜಾಗವಿತ್ತು, ಚೆಂಡೂ ಇತ್ತು. ಅವನು ಬಡಿಯಲಿಲ್ಲ, ಮೊಬೈಲಿನಲ್ಲಿ ಆಟವಾಡಿಕೊಂಡಿದ್ದ ಎಂದು ಅವನೇ ಹೇಳಿದ. ಆ ಎರಡು ವರ್ಷ ಎಲ್ಲ ಮಕ್ಕಳಿಗೂ ಹೋಯಿತು ಎನ್ನಬಹುದು. ಆದರೆ ಬೆಂಗಳೂರಿನ ಕ್ಲಬ್‌ಗಳ ಹುಡುಗರು ಚೆಂಡಿನ ಕೆಲಸ ಕಲಿತು ಮನೆಗೆ ಹೋಗಿದ್ದರು, ಇವನು ಎತ್ತರ ಮಾತ್ರ ತೆಗೆದುಕೊಂಡು ಹೋಗಿದ್ದ.

2022ರಲ್ಲಿ ಪಿಯು ಕಾಲೇಜು ಸೇರಿದ ಕೂಡಲೇ ಅವನ ಸ್ಥಾನ ತಲೆಕೆಳಗಾಯಿತು. 14ರೊಳಗಿನವರಲ್ಲಿ ಅತಿ ಹಿರಿಯನಾಗಿದ್ದವನು ಈಗ 19ರೊಳಗಿನವರ ನಡುವೆ ಹದಿನಾರರ ಚಿಕ್ಕವನು. ಹಳೆಯ ಹೆಸರಿನ ಬಲದಿಂದ ರಾಜ್ಯ ತಂಡದ ಆಯ್ಕೆ ಶಿಬಿರಕ್ಕೆ ಕರೆ ಬಂತು. ಅಲ್ಲಿ 188, 190 ಸೆಂಟಿಮೀಟರ್ ಎತ್ತರದ ಹುಡುಗರು ರಿಂಗಿನ ಕೆಳಗೆ ನಿಂತಿದ್ದರು. ಮೊದಲ ಅಭ್ಯಾಸ ಪಂದ್ಯದ ಹತ್ತು ನಿಮಿಷಗಳಲ್ಲಿ ಮೂರು ಸೆಕೆಂಡಿನ ಸೀಟಿ ಅವನ ಮೇಲೆ ಮೂರು ಸಲ ಮೊಳಗಿತು. ನಿನ್ನ ಎತ್ತರಕ್ಕೆ ಇದು ಜಾಗವಲ್ಲ, ಹೊರಗಿನಿಂದ ಆಡು ಎಂದು ಅಲ್ಲಿನ ತರಬೇತುದಾರರು ಗಾರ್ಡ್ ಸ್ಥಾನಕ್ಕೆ, ಅಂದರೆ ಚೆಂಡು ಸಾಗಿಸಿ ಹೊರಗಿನಿಂದ ಆಡುವವನ ಜಾಗಕ್ಕೆ ಹಾಕಿದರು. ಎದುರಾಳಿಗಳು ಅವನನ್ನು ಎಡಕ್ಕೆ ತಳ್ಳಿದರು, ಎಡಗೈ ಇರಲಿಲ್ಲ, ಚೆಂಡು ಹೋಯಿತು. ಮಿಕ್ಕ ದಿನಗಳನ್ನು ಬೆಂಚಿನ ಮೇಲೆ ಕಳೆದು ವಾಪಸು ಬಂದ.

ಊರಿನ ತೀರ್ಪು

ಆಮೇಲೆ ತುಮಕೂರಿನಲ್ಲಿ, ಕನಿಷ್ಠ ಬ್ಯಾಸ್ಕೆಟ್‌ಬಾಲ್ ಬಲ್ಲ ವಲಯದಲ್ಲಿ, ಅವನು ತನ್ನ ಮಟ್ಟ ಮುಟ್ಟದ್ದಕ್ಕೆ ಕಾರಣವೆಂದು ಹರಡಿದ ಮಾತುಗಳು ಮೂರು. ತಲೆಗೇರಿತು ಎಂದರು ಕೆಲವರು, ಮೊಬೈಲ್ ಕೆಡಿಸಿತು ಎಂದರು ಇನ್ನು ಕೆಲವರು, ಪಿಯುಸಿ ಓದಿನ ಹೊರೆ ಎಂದವರು ಅವನ ಮನೆಯವರು. ತಲೆಗೇರಿದ್ದಕ್ಕೆ ನನಗೆ ಪುರಾವೆ ಸಿಗಲಿಲ್ಲ. ಶಿಬಿರದಿಂದ ಬಂದ ಮೇಲೆ ಅವನು ಆರು ತಿಂಗಳು ಮೈದಾನದ ಕಡೆ ಬಾರದಿದ್ದುದು ನಾಚಿಕೆಯಿಂದ, ಆ ನಾಚಿಕೆಯನ್ನು ಊರು ಸೊಕ್ಕೆಂದು ಓದಿತು. ಮೊಬೈಲಿನ ಮಾತು ಅರ್ಧ ನಿಜ. ಓದಿನ ಹೊರೆ ಪೂರ್ತಿ ನಿಜ: ಬೆಳಿಗ್ಗೆ ಆರೂವರೆಗೆ ಟ್ಯೂಷನ್, ಆಮೇಲೆ ಕಾಲೇಜು, ಸಂಜೆ ಸಿಇಟಿ ಕೋಚಿಂಗ್. ಆಡಲು ಉಳಿದದ್ದು ಭಾನುವಾರ ಮಾತ್ರ, ಆ ಭಾನುವಾರವೂ ಬೆಂಗಳೂರಿನ ಕ್ಲಬ್ಬಿಗೆಂದು ಎಪ್ಪತ್ತು ಕಿಲೋಮೀಟರ್ ರೈಲಿನಲ್ಲಿ ಹೋಗಿ ಬರುವುದರಲ್ಲಿ ಸವೆಯುತ್ತಿತ್ತು.

ಈ ಮೂರರಲ್ಲಿ ಯಾವುದೂ ಅವನ ಎಸೆತವನ್ನು ವಿವರಿಸುವುದಿಲ್ಲ. ಅವನು ದೂರದಿಂದ ಎಸೆಯುವಾಗ 2024ರಲ್ಲೂ ಚೆಂಡು ಎದೆಯ ಮಟ್ಟದಿಂದ, ಎರಡೂ ಕೈಗಳ ತಳ್ಳುವಿಕೆಯಿಂದ ಹೊರಡುತ್ತಿತ್ತು. ಈ ಅಭ್ಯಾಸ ಎಲ್ಲಿಂದ ಬಂತೆಂಬುದು ನಮ್ಮ ಶಾಲೆಗಳ ಮೈದಾನ ನೋಡಿದವರಿಗೆ ಗೊತ್ತು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆಂದು ರೂಪಿಸಿದ ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ರಿಂಗಿನ ಎತ್ತರ 2.60 ಮೀಟರ್, ಚೆಂಡು 5ನೇ ಅಳತೆಯದು. ನಮ್ಮಲ್ಲಿ ಐದನೇ ತರಗತಿಯ ಮಗುವೂ ದೊಡ್ಡವರ 3.05 ಮೀಟರಿನ ರಿಂಗಿಗೆ, 7ನೇ ಅಳತೆಯ ಭಾರದ ಚೆಂಡನ್ನೇ ಎಸೆಯಬೇಕು. ಒಂದೇ ಕೈಯ ಮಣಿಕಟ್ಟಿನಿಂದ ಅಷ್ಟು ದೂರಕ್ಕೆ ಚೆಂಡು ಹೋಗುವುದಿಲ್ಲ, ಆದ್ದರಿಂದ ಮಗು ಎರಡೂ ಕೈಗಳಿಂದ ತಳ್ಳುತ್ತದೆ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಬೆಳೆಯುತ್ತ ಹೋದಂತೆ ಇದನ್ನು ತಿದ್ದಬೇಕಾಗುತ್ತದೆ. ಇವನನ್ನು ಯಾರೂ ತಿದ್ದಲಿಲ್ಲ, ಏಕೆಂದರೆ ಅವನು ದೂರದಿಂದ ಎಸೆಯುವ ಅಗತ್ಯವೇ ಬೀಳಲಿಲ್ಲ. ಈಗ ಅವನ ಎದುರಿಗಿರುವ ತ್ರೀ ಪಾಯಿಂಟ್ ಗೆರೆ (ಅದರಾಚೆಯಿಂದ ಹಾಕಿದರೆ ಮೂರು ಅಂಕ) ರಿಂಗಿನಿಂದ 6.75 ಮೀಟರ್ ದೂರದಲ್ಲಿದೆ. ಆರಡಿಯ ಗಾರ್ಡ್‌ಗೆ ಅಲ್ಲಿಂದ ಎಸೆಯಲು ಬಾರದಿದ್ದರೆ ಎದುರಾಳಿ ಅವನನ್ನು ಕಾಯುವುದನ್ನೇ ಬಿಡುತ್ತಾನೆ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಅಮೆರಿಕದ ಆಂಥನಿ ಡೇವಿಸ್. ಹೈಸ್ಕೂಲಿನ ಆರಂಭದಲ್ಲಿ ಆತ ಸುಮಾರು ಆರಡಿ ಚಿಲ್ಲರೆ ಎತ್ತರದ ಗಾರ್ಡ್. ಚೆಂಡು ಸಾಗಿಸುವುದು, ಹೊರಗಿನಿಂದ ಎಸೆಯುವುದು ಅವನ ಕೆಲಸವಾಗಿತ್ತು. ಹೈಸ್ಕೂಲು ಮುಗಿಸುವ ಹೊತ್ತಿಗೆ 6 ಅಡಿ 10 ಅಂಗುಲಕ್ಕೆ ಬೆಳೆದ, ಕಲಿತ ಕೈಗಳು ಹಾಗೇ ಉಳಿದವು, 2012ರಲ್ಲಿ ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಲ್ಲಿ, ಮೊದಲ ಆಯ್ಕೆಯಾದ. ಆತನಿಗೆ ಕೌಶಲ ಮೊದಲು ಬಂದು ಎತ್ತರ ಆಮೇಲೆ ಬಂತು. ನಮ್ಮ ಹುಡುಗನಿಗೆ ಎತ್ತರ ಮೊದಲು ಬಂದು ಕೌಶಲಕ್ಕೆ ಬಾಗಿಲು ಮುಚ್ಚಿತು. ಬೀಗ ಹಾಕಿದ ಕೈ ಯಾರದೆಂದು ಮೇಲೆ ಹೇಳಿದ್ದೇನೆ.

ಯಾವ ಮಟ್ಟ?

"ತನ್ನ ಮಟ್ಟ ಮುಟ್ಟಲಿಲ್ಲ" ಎನ್ನುವವರನ್ನು ನಾನು ಆ ಮಟ್ಟ ಎಲ್ಲಿದೆಯೆಂದು ಕೇಳಿದ್ದೇನೆ. ಹೆಚ್ಚಿನವರು ಎನ್‌ಬಿಎ ಎನ್ನುತ್ತಾರೆ, ಟಿ.ವಿ.ಯಲ್ಲಿ ಕಾಣುವುದು ಅದೊಂದೇ ಆದ್ದರಿಂದ. ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್ 7 ಅಡಿ 2 ಅಂಗುಲ ಎತ್ತರದವನು, ಹದಿಹರೆಯದಲ್ಲೇ ಅಮೆರಿಕದ ಅಕಾಡೆಮಿಯಲ್ಲಿ ಕಲಿತವನು. 2015ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ಅವನನ್ನು 52ನೇ ಆಯ್ಕೆಯಾಗಿ ತೆಗೆದುಕೊಂಡಿತು, ಭಾರತದಲ್ಲಿ ಹುಟ್ಟಿದವನೊಬ್ಬ ಡ್ರಾಫ್ಟ್ ಆದದ್ದು ಅದೇ ಮೊದಲು. ಆದರೂ ಎನ್‌ಬಿಎ ಋತುವಿನ ಒಂದು ಪಂದ್ಯವೂ ಅವನಿಗೆ ಸಿಗಲಿಲ್ಲ. ಭಾರತದ ಪುರುಷರ ತಂಡ ಒಲಿಂಪಿಕ್ಸ್‌ನಲ್ಲಿ ಆಡಿದ್ದು 1980ರ ಮಾಸ್ಕೋದಲ್ಲಿ, ಒಂದೇ ಸಲ. ದೇಶದೊಳಗೆ ವೃತ್ತಿಪರ ಲೀಗ್ ಕಟ್ಟುವ ಪ್ರಯತ್ನಗಳು ನಡೆದಿವೆ, 2015ರಲ್ಲಿ ಶುರುವಾದ ಯುಬಿಎ ಲೀಗ್ ಕೆಲವೇ ಋತುಗಳಲ್ಲಿ ನಿಂತುಹೋಯಿತು. ಹಾಗಾಗಿ ನಮ್ಮಲ್ಲಿ ಒಳ್ಳೆಯ ಆಟಗಾರನ ನಿಜವಾದ ಗುರಿ ರೈಲ್ವೆ, ಬ್ಯಾಂಕ್, ಸೇನೆ ಅಥವಾ ಆದಾಯ ತೆರಿಗೆ ಇಲಾಖೆಯ ತಂಡದಲ್ಲಿ ಕ್ರೀಡಾ ಕೋಟಾದ ಕೆಲಸ. ಅದಕ್ಕೂ ಸಾಮಾನ್ಯವಾಗಿ ರಾಜ್ಯ ಅಥವಾ ವಿಶ್ವವಿದ್ಯಾಲಯ ತಂಡದಲ್ಲಿ ಆಡಿದ ದಾಖಲೆ ಬೇಕು. ತುಮಕೂರಿನ ಆರಡಿ ಹುಡುಗನಿಗೆ ಕೈಗೆಟುಕಬಹುದಾದ ಮಟ್ಟ ಇದು, ಇದಕ್ಕೇ ಬಹಳ ದೂರ ನಡೆಯಬೇಕು.

ಈಗಿನ ಆಟ

ಒಂದು ವಾರದ ನಂತರ ಮಾವನಿಗೆ ನಾನು ಹೇಳಿದ್ದು ಇಷ್ಟು: 2019ರ ಹುಡುಗನನ್ನು ಮರೆತುಬಿಡಿ, ಅವನು ತಿರುಗಿ ಬರುವುದಿಲ್ಲ, ಅವನನ್ನು ಕಾಯುವುದು ವ್ಯರ್ಥ. ಆಟ ಬಿಡಿಸುವ ಮೊದಲು ಒಂದು ವರ್ಷ ಕೊಡಿ, ಗಾರ್ಡ್ ಆಗಿ ಅವನು ಏನೆಂದು ನೋಡೋಣ. ಎಂಜಿನಿಯರಿಂಗ್‌ನ ಕ್ರೀಡಾ ಕೋಟಾದ ಮೇಲೆ, ರಾಷ್ಟ್ರಮಟ್ಟದ ಪ್ರಮಾಣಪತ್ರ ಕೈಯಲ್ಲಿಲ್ಲದ ಕಾರಣ, ಆಸೆ ಇಡುವಂತಿರಲಿಲ್ಲ. ಅವನು ತುಮಕೂರಿನಲ್ಲೇ ಪದವಿಗೆ ಸೇರಿದ. ಬೆಂಗಳೂರಿನ ಭಾನುವಾರಗಳನ್ನು ನಿಲ್ಲಿಸಿದೆವು. ರೈಲಿನಲ್ಲಿ ಕೂರುವ ಹೊತ್ತಿನಲ್ಲಿ ಎಡಗೈ ಕೆಲಸ ಮಾಡಬಹುದಿತ್ತು.

ಆ ವರ್ಷ ನಾನು ಅವನ ಕಾಲೇಜಿನ ಪಂದ್ಯಗಳನ್ನು ಅಂಕಣದ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನೋಡಿದೆ. ಮೂರನೇ ಪಂದ್ಯದಲ್ಲಿ ಒಂದು ಸಂಗತಿ ಹೊಳೆಯಿತು. ಎದುರು ತಂಡ ಝೋನ್ ಕಟ್ಟಿ, ಅಂದರೆ ಒಬ್ಬೊಬ್ಬ ಆಟಗಾರನ ಬದಲು ಒಂದೊಂದು ಜಾಗವನ್ನು ಕಾಯುತ್ತ ನಿಂತಿತ್ತು. ಅವನು ಎಡಮೂಲೆಯ ಕಡೆ ನೋಡುತ್ತ, ಚೆಂಡನ್ನು ಬಲಕ್ಕೆ, ರಿಂಗಿನ ಕೆಳಗೆ ಆಗಷ್ಟೇ ನುಗ್ಗುತ್ತಿದ್ದವನ ಕೈಗೆ ನೆಲಕ್ಕೆ ಪುಟಿಸಿ ಕೊಟ್ಟ. ಇಂಥದ್ದನ್ನು ನಾನು ಕಲಿಸಿರಲಿಲ್ಲ. ಯೋಚಿಸಿದಾಗ ತೋರಿದ ಕಾರಣ ಇದು: ವರ್ಷಗಟ್ಟಲೆ ರಿಂಗಿನ ಕೆಳಗೆ ನಿಂತು ಚೆಂಡಿಗಾಗಿ ಕಾದವನಿಗೆ, ಅಲ್ಲಿ ನಿಂತವನಿಗೆ ಚೆಂಡು ಯಾವ ಕ್ಷಣದಲ್ಲಿ, ಯಾವ ಎತ್ತರದಲ್ಲಿ ಬೇಕೆಂಬುದು ಮೈಗೆ ಗೊತ್ತಿರುತ್ತದೆ.

ಆ ಪಂದ್ಯವನ್ನು ಅವನ ತಂಡ 5 ಅಂಕಗಳಿಂದ ಸೋತಿತು. ಅವನು ಗಳಿಸಿದ್ದು 9. "ಬರೀ ಒಂಬತ್ತಾ ಮೇಷ್ಟ್ರೇ" ಎಂದು ಮಾವ ಪೆಚ್ಚಾದರು. ಬೇರೆಯವರು ಹಾಕಿದ ಬ್ಯಾಸ್ಕೆಟ್‌ಗಳಲ್ಲಿ ಎಂಟು ಅವನ ಪಾಸ್‌ನಿಂದ ಬಂದವೆಂದು ನನ್ನ ಪುಸ್ತಕ ತೋರಿಸಿದೆ. ಮಾವನಿಗೆ ಅದು ಲೆಕ್ಕಕ್ಕೆ ಬಂದಂತೆ ಕಾಣಲಿಲ್ಲ. ಊರಿನ ಕಣ್ಣು ಚೆಂಡು ಬಲೆಗೆ ಬೀಳುವುದನ್ನು ನೋಡುತ್ತದೆ, ಯಾರ ಕೈಯಿಂದ ಹೊರಟಿತೆಂದು ಹಿಂದಕ್ಕೆ ಓಡುವುದಿಲ್ಲ.

ಆದರೆ ಅದೇ ಪುಟದಲ್ಲಿ ಇನ್ನೊಂದು ಸಾಲಿತ್ತು, ಅದನ್ನು ಹುಡುಗನಿಗೇ ಓದಿಸಿದೆ. ಫ್ರೀ ಥ್ರೋ 8, ಬಿದ್ದದ್ದು 3. ತಪ್ಪಿದವು ಐದು, ಸೋತದ್ದೂ ಐದರಿಂದ. ಅವಷ್ಟೂ ಬಿದ್ದಿದ್ದರೆ ಆಟ ಇನ್ನೂ ಐದು ನಿಮಿಷ ಹೆಚ್ಚುವರಿ ಅವಧಿಗೆ ಹೋಗುತ್ತಿತ್ತು. ಈ ಪ್ರಕರಣದ ಉಳಿದ ಕೊರತೆಗಳಿಗೆಲ್ಲ ನಾನು ಕಾರಣ ಹುಡುಕಿಕೊಡಬಲ್ಲೆ: ಬೇಗ ನಿಂತ ಬೆಳವಣಿಗೆ, ಮುಚ್ಚಿದ ಮೈದಾನ, ಟ್ರೋಫಿಯ ಆಸೆಗೆ ಬಿದ್ದ ತರಬೇತುದಾರ. ಫ್ರೀ ಥ್ರೋಗೆ ಮಾತ್ರ ಅಂಥ ಆಸರೆಯಿಲ್ಲ. ಬೋರ್ಡಿನಿಂದ 4.6 ಮೀಟರ್ ದೂರ, ಎದುರಿಗೆ ಕೈ ಅಡ್ಡ ಹಿಡಿಯುವವನಿಲ್ಲ, ಐದಡಿಯವನಿಗೂ ಏಳಡಿಯವನಿಗೂ ಒಂದೇ ಗೆರೆ. 2019ರಲ್ಲಿ ಒಂಬತ್ತರಲ್ಲಿ ಎರಡು ಹಾಕಿದವನು ಐದು ವರ್ಷಗಳ ನಂತರ ಎಂಟರಲ್ಲಿ ಮೂರು ಹಾಕಿದರೆ ಅದು ಅವನದೇ ಬಾಕಿ. ಅವನ ವಿಷಯದಲ್ಲಿ "ತನ್ನ ಮಟ್ಟ ಮುಟ್ಟಲಿಲ್ಲ" ಎಂಬ ಮಾತನ್ನು ನಾನು ಒಪ್ಪುವುದು ಆ ಗೆರೆಯ ಮೇಲೆ ಮಾತ್ರ. ಹಾಗೆಂದು ಅವನಿಗೂ ಹೇಳಿದೆ. ಅವನು ತಲೆ ತಗ್ಗಿಸಿ, ಬೂಟಿನ ಲೇಸು ಬಿಚ್ಚುತ್ತ ಬಹಳ ಹೊತ್ತು ಕುಳಿತಿದ್ದ.

ಮರುದಿನದಿಂದ ಬೆಳಿಗ್ಗೆ ಕಾಲೇಜಿಗೆ ಮುಂಚೆ ನೂರು ಎಸೆತ, ಒಂದೇ ಕೈಯಿಂದ, ಎಡಗೈ ಚೆಂಡಿನ ಬದಿಗೆ ಆಸರೆ ಮಾತ್ರ. ಮೊದಲ ತಿಂಗಳು ಚೆಂಡು ರಿಂಗನ್ನೇ ಮುಟ್ಟುತ್ತಿರಲಿಲ್ಲ, ಹಳೆಯ ತಳ್ಳುವಿಕೆಗೇ ಮರಳುತ್ತೇನೆಂದು ಅವನು ಎರಡು ಸಲ ಜಗಳವಾಡಿದ. ಎಣಿಸಲು ಯಾರಾದರೂ ಬೇಕಿತ್ತು. ಬೆಳಗಿನ ವಾಕಿಂಗ್ ಹೇಗೂ ಇದೆ ಎಂದು ಮಾವ ಒಪ್ಪಿಕೊಂಡರು. ನೂರು ಪುಟದ ಒಂದು ನೋಟ್‌ಬುಕ್ ಅವರ ಸ್ಕೂಟರಿನ ಡಿಕ್ಕಿಯಲ್ಲಿ ಇರುತ್ತದೆ. ಎರಡನೇ ವರ್ಷದ ವಿಶ್ವವಿದ್ಯಾಲಯ ತಂಡದ ಆಯ್ಕೆ ಇನ್ನೂ ಬಾಕಿಯಿದೆ, ಅದರಲ್ಲಿ ಅವನು ಉಳಿಯಬಹುದು, ಉಳಿಯದಿರಬಹುದು.

ಕಳೆದ ಭಾನುವಾರ ಆ ಪುಸ್ತಕ ತೆಗೆಸಿ ನೋಡಿದೆ. ಕೊನೆಯ ಪುಟದಲ್ಲಿ ಮಾವನ ದುಂಡು ಅಕ್ಷರದಲ್ಲಿ "ನೂರಕ್ಕೆ 61" ಎಂದಿತ್ತು. ಪಕ್ಕದಲ್ಲಿ ಹುಡುಗನ ಕೈಬರಹದಲ್ಲಿ "ಗಾಳಿ ಇತ್ತು" ಎಂದೂ, ಅದರ ಕೆಳಗೆ ಮತ್ತೆ ಮಾವನ ಅಕ್ಷರದಲ್ಲಿ "ಇರಲಿಲ್ಲ" ಎಂದೂ ಇತ್ತು.